ವರದಿಯ ಕೊನೆಯ ಸಾಲಿನ ‘ನಾರ್ಮಲ್’

ನಿನ್ನೆ ತಂಗಿಯ ಥೈರಾಯ್ಡ್ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿ ಕುಳಿತಿದ್ದಾಗ ಎದುರಿನ ಬೆಂಚಿನಲ್ಲಿ ಕಂಡದ್ದಕ್ಕೆ ಬಂದ ಸಿಟ್ಟು ಈ ಹೊತ್ತಿಗೂ ಇಳಿದಿಲ್ಲ. ಅತ್ತೆಯೊಬ್ಬರು ಮಗನ ವೀರ್ಯ ಪರೀಕ್ಷೆಯ ವರದಿಯನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಹಿಡಿದುಕೊಂಡು ಸೊಸೆಗೆ ಹೇಳುತ್ತಿದ್ದರು: “ನಮ್ ಹುಡುಗಂದೆಲ್ಲಾ ನಾರ್ಮಲ್ ಐತೆ ನೋಡವ್ವ, ಇನ್ನೇನಿದ್ರೂ ನಿಂದೇ.” ಎರಡು ಸಲ ಬಸಿರು ನಿಂತು, ಎರಡೂ ಸಲ ಮೂರು ತಿಂಗಳು ತುಂಬುವ ಮೊದಲೇ ಹೋಗಿದೆ ಎಂಬುದು ಅವರ ಮಾತಿನಿಂದಲೇ ತಿಳಿಯಿತು. ಮಗರಾಯ ಮೊಬೈಲಿನಿಂದ ತಲೆ ಎತ್ತಲಿಲ್ಲ.

ದಾವಣಗೆರೆಯ ಲ್ಯಾಬುಗಳಲ್ಲಿ ಇಪ್ಪತ್ತಾರು ವರ್ಷ ಇಂಥವೇ ವರದಿಗಳನ್ನು ಟೈಪು ಮಾಡಿದವನು ನಾನು. ಆದ್ದರಿಂದ ಆ ‘ನಾರ್ಮಲ್’ ಎಷ್ಟು ಬಾಳುತ್ತದೆ ಎಂಬುದು ನನಗೆ ಗೊತ್ತು. ಮಾದರಿ ತೆಳ್ಳಗಾಗಲು ಅರ್ಧ ಗಂಟೆ ಕಾದು, ಒಂದು ಹನಿಯನ್ನು ಗೆರೆ ಕೊರೆದ ಗಾಜಿನ ಮೇಲೆ ಹಾಕಿ, ವೀರ್ಯಾಣುಗಳು ಎಷ್ಟಿವೆ, ಎಷ್ಟು ಈಜುತ್ತಿವೆ, ಎಷ್ಟರ ಆಕಾರ ಸರಿಯಿದೆ ಎಂದು ಎಣಿಸುವುದಷ್ಟೇ ನಮ್ಮ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಮಿಲಿಲೀಟರಿಗೆ 1.6 ಕೋಟಿ ಎಣಿಕೆ, ಶೇ 42 ಚಲನೆ, ಶೇ 4 ಸರಿಯಾದ ಆಕಾರ ಎಂಬ ಕೆಳಗಿನ ಮಿತಿಗಳನ್ನು ದಾಟಿದರೆ ಕೊನೆಯ ಸಾಲಿನಲ್ಲಿ ‘ನಾರ್ಮೋಜೂಸ್ಪರ್ಮಿಯಾ’ ಎಂದು ಬೀಳುತ್ತದೆ. ಮನೆಯವರು ಅದರ ಮೊದಲ ಎರಡು ಅಕ್ಷರ ಓದಿ ಸೊಸೆಯ ಕಡೆಗೆ ತಿರುಗುತ್ತಾರೆ.

ಬಸ್ಸುಗಳು ಎಷ್ಟು ಹೊರಟವು, ಎಷ್ಟು ವೇಗವಾಗಿ ಓಡಿದವು ಎಂದು ಎಣಿಸಿದ ಮಾತ್ರಕ್ಕೆ ಒಳಗಿನ ಸಾಮಾನು ಒಡೆದಿಲ್ಲ ಎಂದು ಹೇಳಲು ಬರುವುದಿಲ್ಲ. ಹತ್ತಿಯನ್ನು ಒತ್ತಿ ಬೇಲ್ ಕಟ್ಟುವ ಹಾಗೆ, ವೀರ್ಯಾಣುವಿನ ಪುಟ್ಟ ತಲೆಯೊಳಗೆ ಡಿಎನ್‌ಎಯನ್ನು ಪ್ರೋಟಮೀನ್ ಎಂಬ ಪ್ರೋಟೀನು ಬಿಗಿಯಾಗಿ ಒತ್ತಿ ಕಟ್ಟಿರುತ್ತದೆ. ಈ ಕಟ್ಟು ಸಡಿಲವಾದರೆ, ಅಥವಾ ಬೀಡಿ ಸಿಗರೇಟು, ಜ್ವರ, ವೃಷಣದ ರಕ್ತನಾಳಗಳು ಉಬ್ಬುವ ವೆರಿಕೋಸೀಲ್ ಮುಂತಾದವುಗಳಿಂದ ಆಕ್ಸಿಡೇಟಿವ್ ಒತ್ತಡ (ಆಮ್ಲಜನಕದ ಚುರುಕು ಕಣಗಳು ಮಾಡುವ ಹಾನಿ) ಹೆಚ್ಚಿದರೆ, ಡಿಎನ್‌ಎ ಎಳೆಗಳು ತುಂಡಾಗುತ್ತವೆ. ಒಮ್ಮೆ ಕಟ್ಟಿ ಮುಗಿದ ವೀರ್ಯಾಣುವಿಗೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ಶಕ್ತಿಯಿಲ್ಲ. ಆ ಕೆಲಸವೂ ಹೆಂಗಸಿನ ಅಂಡಾಣುವಿನ ತಲೆಗೇ ಬರುತ್ತದೆ. ಗಂಡಸಿನ ಹರಕನ್ನು ಹೊಲಿಯುವವಳೂ ಅವಳೇ, ಹೊಲಿಗೆ ಬಿಟ್ಟರೆ ಬೈಸಿಕೊಳ್ಳುವವಳೂ ಅವಳೇ.

ಡಿಎನ್‌ಎ ತುಂಡಾಗದೆಯೂ ಎಡವಟ್ಟಾಗಬಹುದು. ಯಾವ ಜೀನು ಓದಿಸಿಕೊಳ್ಳಬೇಕು, ಯಾವುದು ಸುಮ್ಮನಿರಬೇಕು ಎಂದು ಹೇಳುವ ಮಿಥೈಲ್ ಎಂಬ ರಾಸಾಯನಿಕ ಗುರುತುಗಳು ಅದರ ಮೇಲಿರುತ್ತವೆ. ಎಪಿಜೆನೆಟಿಕ್ಸ್ ಎಂಬ ಶಾಸ್ತ್ರ ಓದುವುದು ಇಂಥ ಗುರುತುಗಳನ್ನೇ. ತಂದೆಯಿಂದ ಬಂದ ಪ್ರತಿಯಲ್ಲಿ ಗುರುತು ಇರಲೇಬೇಕಾದ ಎಚ್19 ಎಂಬ ಜಾಗದಲ್ಲಿ, ಎಣಿಕೆ ತೀರಾ ಕಡಿಮೆಯಿರುವ ಹಲವು ಪುರುಷರಲ್ಲಿ ಅದು ಅಳಿಸಿಹೋಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಭ್ರೂಣದ ಸ್ವಂತ ಜೀನುಗಳು ಜೋರಾಗಿ ಕೆಲಸ ಶುರುಮಾಡುವುದು ನಾಲ್ಕರಿಂದ ಎಂಟು ಕೋಶಗಳಾದ ಮೇಲೆ, ಅಂದರೆ ಹೆಚ್ಚುಕಡಿಮೆ ಮೂರನೆಯ ದಿನ. ಹಾಗಾಗಿ ತಂದೆಯ ಕಡೆಯ ದೋಷ ಗರ್ಭ ಕಟ್ಟಿದ ಮೇಲೂ ತಲೆಯೆತ್ತಬಹುದು. ಗರ್ಭ ನಿಂತ ಮೇಲೆ ಗಂಡಿನ ಪಾತ್ರ ಮುಗಿಯಿತು ಎನ್ನುವವರಿಗೆ ಇದನ್ನು ಯಾರು ಹೇಳಬೇಕು?

ವೀರ್ಯಾಣುವಿನ ಡಿಎನ್‌ಎ ಎಷ್ಟು ತುಂಡಾಗಿದೆ ಎಂದು ನೋಡುವ ಡಿಎನ್‌ಎ ಫ್ರಾಗ್ಮೆಂಟೇಷನ್ ಪರೀಕ್ಷೆಯನ್ನು ಎಲ್ಲರಿಗೂ ಮೊದಲೇ ಮಾಡಿಸಬೇಡಿ ಎಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘದ 2020ರ ಮಾರ್ಗಸೂಚಿ ಹೇಳುತ್ತದಲ್ಲ ಎಂದು ಡಾಕ್ಟರ್ ಗೆಳೆಯರು ಕೇಳುತ್ತಾರೆ. ಹೇಳುತ್ತದೆ, ನಾನೂ ಓದಿದ್ದೇನೆ. ಮತ್ತೆ ಮತ್ತೆ ಗರ್ಭಪಾತವಾಗುತ್ತಿರುವ ದಂಪತಿಗಳಲ್ಲಿ ಗಂಡಸಿಗೆ ಈ ಪರೀಕ್ಷೆ ಮಾಡಿಸಿ ಎಂದು ಅದೇ ಮಾರ್ಗಸೂಚಿ ಹೇಳುವುದನ್ನು ಮಾತ್ರ ಅವರು ಮರೆಯುತ್ತಾರೆ. ಗಂಡಸಿಗೆ ಅಗ್ಗದ ವಿಟಮಿನ್ ಪೌಡರು ಬರೆದುಕೊಡುವುದನ್ನು ಯಾರೂ ಮರೆಯುವುದಿಲ್ಲ. ಅದೇ 2020ರಲ್ಲಿ ಪ್ರಕಟವಾದ, 2,370 ದಂಪತಿಗಳ ಅಮೆರಿಕದ ಅಧ್ಯಯನದಲ್ಲಿ ಗಂಡಸರಿಗೆ ಫೋಲಿಕ್ ಆಮ್ಲ, ಸತು ಕೊಟ್ಟು ನೋಡಿದರು. ಮಕ್ಕಳಾಗುವ ಪ್ರಮಾಣ ಹೆಚ್ಚಲಿಲ್ಲ, ತುಂಡಾದ ಡಿಎನ್‌ಎ ಪ್ರಮಾಣ ಮಾತ್ರ ತುಸು ಹೆಚ್ಚೇ ಇತ್ತು.

ಇಷ್ಟೆಲ್ಲ ಉಪದೇಶಿಸುವ ನಾನೇನು ಮಾಡಿದೆ? ನಮ್ಮ ಮನೆಯಲ್ಲೂ ಎರಡು ಬಸಿರು ಹೋಗಿದ್ದವು. ಹೆಂಡತಿ ಕುಕ್ಕೆಯಲ್ಲಿ ಹರಕೆ ಹೊತ್ತಳು, ನಸುಕಿನಲ್ಲೆದ್ದು ಅಶ್ವತ್ಥಕಟ್ಟೆ ಸುತ್ತಿದಳು, ನಾಲ್ಕು ಕಡೆ ಸ್ಕ್ಯಾನು ಮಾಡಿಸಿಕೊಂಡಳು. ದಿನಕ್ಕೆ ಒಂದು ಪ್ಯಾಕು ಸಿಗರೇಟು ಸೇದುತ್ತಿದ್ದ ನಾನು ಒಂದು ಸಂಜೆ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ನನ್ನದೇ ಮಾದರಿಯನ್ನು ಗಾಜಿನ ಮೇಲಿಟ್ಟು, ಅವು ಪಿತಪಿತನೆ ಓಡಾಡುವುದನ್ನು ನೋಡಿ, ನಿಶ್ಚಿಂತೆಯಿಂದ ಮನೆಗೆ ಬಂದು ಊಟ ಮಾಡಿದೆ. ಅವಳಿಗೆ ಏನೂ ಹೇಳಲಿಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಮೂರು ತಿಂಗಳು ಸಿಗರೇಟು ಬಿಟ್ಟು ನೋಡೋಣ ಎಂಬಷ್ಟು ಬುದ್ಧಿಯೂ ನನಗೆ ಆಗ ಬರಲಿಲ್ಲ. ಆಮೇಲೆ ಮಗಳು ಹುಟ್ಟಿದಳು, ಸರಿ. ಆದರೆ ಆ ಎರಡಕ್ಕೂ ತನ್ನ ದೇಹವೇ ಕಾರಣವೆಂದು ಅವಳು ಇವತ್ತಿಗೂ ನಂಬಿದ್ದಾಳೆ. ಈ ಬರಹವನ್ನು ಅವಳು ಓದುತ್ತಾಳೆ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

‘ಈ ವರದಿ ಡಿಎನ್‌ಎ ಗುಣಮಟ್ಟವನ್ನು ಹೇಳುವುದಿಲ್ಲ’ ಎಂಬ ಒಂದು ಸಾಲನ್ನು ಕೆಳಗೆ ಸೇರಿಸೋಣವೇ ಎಂದು ಆಗ ನಾನಿದ್ದ ಲ್ಯಾಬಿನ ಮಾಲೀಕರನ್ನು ಒಮ್ಮೆ ಕೇಳಿದ್ದೆ. ಹಾಳೆಯಲ್ಲಿ ಜಾಗವಿಲ್ಲ ಎಂದರು. ಹಾಳೆಯ ಕಾಲು ಭಾಗದಲ್ಲಿ ಅವರ ಲೋಗೋ ಇತ್ತು.