ಸ್ಪಷ್ಟನೆ: ಸ್ಕೀ ಷಾಲೆ ಬಾಡಿಗೆಯಲ್ಲಿ ಎಲ್ಲವೂ ಸೇರಿರುವುದಿಲ್ಲ

ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಗೆಳೆಯರೆಲ್ಲ ಸೇರಿ ಉಳಿಯುವ ‘ಕೇಟರ್ಡ್ ಷಾಲೆ’ (ಕೇಳಲು ಶಾಲೆಯಂತಿದ್ದರೂ ಅದು ಅಡುಗೆಯವರಿರುವ ಬಾಡಿಗೆ ಮನೆ) ಬಗ್ಗೆ ಹೋದ ವಾರ ನಾನು ಬರೆದ ಮೆಸೇಜು ಗ್ರೂಪಿಂದ ಗ್ರೂಪಿಗೆ ಓಡಾಡುತ್ತಿದೆ. ‘ಏಳು ದಿನವೂ ಮೂರು ಹೊತ್ತು ಊಟ, ಲಿಫ್ಟ್ ಪಾಸ್ (ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟುಗಳ ಟಿಕೆಟ್), ಸ್ಕೀ ಬಾಡಿಗೆ ಎಲ್ಲ ಸೇರಿ ಒಂದೇ ದುಡ್ಡು’ ಎಂದಿದ್ದೆ. ಅದು ತಪ್ಪು. ಬುಕಿಂಗ್ ಷರತ್ತುಗಳನ್ನು ಪೂರ್ತಿ ಓದಿದ್ದು ಈಗ.

ಸಾಮಾನ್ಯವಾಗಿ ಸಿಗುವುದು ಬೆಳಗಿನ ತಿಂಡಿ, ಸಂಜೆ ಟೀ ಜೊತೆ ಕೇಕು, ರಾತ್ರಿ ಊಟ. ಮಧ್ಯಾಹ್ನದ ಊಟ ನಮ್ಮದೇ ಖರ್ಚು. ವಾರಕ್ಕೊಂದು ದಿನ ಅಡುಗೆಯವರಿಗೆ ರಜೆ. ಆ ರಾತ್ರಿ ಹೊರಗೆ ತಿನ್ನಬೇಕು. ಪಾಸ್, ಸ್ಕೀ, ಬೂಟು, ತರಬೇತಿ ಎಲ್ಲಕ್ಕೂ ಬೇರೆ ದುಡ್ಡು. ವಿಮೆ ಮರೆಯಬೇಡಿ: ಬಿದ್ದವರನ್ನು ಇಳಿಜಾರಿನಿಂದ ಕೆಳಗೆ ತರುವುದಕ್ಕೂ ಅಲ್ಲಿ ಬಿಲ್ ಬರುತ್ತದೆ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ. ಆ ಕಡೆಯ ಹೆಸರುವಾಸಿ ತಾರ್ತಿಫ್ಲೆತ್ ನೋಡಲು ಬರೀ ಆಲೂಗಡ್ಡೆ, ಚೀಸು. ಒಳಗೆ ಹಂದಿಮಾಂಸದ ಚೂರುಗಳಿರುತ್ತವೆ.

ಹಳೆಯ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.