ಅಜ್ಜಿಯ ಎಫ್‌ಡಿಯೂ ಅಮೆರಿಕದ ಖಜಾನೆಯೂ

ತೆರಿಗೆ ರಿಟರ್ನ್ ಹಾಕುವ ಕೊನೆಯ ದಿನ ಏಪ್ರಿಲ್ 15 ಹತ್ತಿರ ಬಂತೆಂದರೆ ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ಊರಿನ ನೆನಪು ಉಕ್ಕಿ ಬರುತ್ತದೆ. ಮೊನ್ನೆ ಬೆಳಗಿನ ಜಾವ ಓಹಾಯೊದಿಂದ ತಂಗಿ ಮಗಳ ಫೋನು. ‘ಮಾವ, ಅಜ್ಜಿ ನನ್ನ ಹೆಸರಲ್ಲಿ ಇಟ್ಟಿದ್ದ ಎಫ್‌ಡಿಗೆ ಎಷ್ಟು ಬಡ್ಡಿ ಬಂದಿದೆ ಅಂತ ಬ್ಯಾಂಕಲ್ಲಿ ಬರೆಸ್ಕೊಂಡು ಬರ್ತೀಯಾ? ಜನವರಿಯಿಂದ ಡಿಸೆಂಬರ್‌ವರೆಗೆ.’

ಅವಳು ಎಫ್-1 ವೀಸಾದ ಪಿಎಚ್‌ಡಿ ವಿದ್ಯಾರ್ಥಿನಿ, ಗಂಡನಿಗೆ ಗ್ರೀನ್ ಕಾರ್ಡ್. ಇಬ್ಬರ ಆದಾಯವನ್ನೂ ಸೇರಿಸಿ ಒಂದೇ ತೆರಿಗೆ ಲೆಕ್ಕ, ಅಂದರೆ ಜಾಯಿಂಟ್ ರಿಟರ್ನ್ ಹಾಕುತ್ತಾರಂತೆ. ಅಲ್ಲಿನ ತೆರಿಗೆ ಕಾನೂನಿಗೆ ಎಫ್-1 ವಿದ್ಯಾರ್ಥಿ ಮೊದಲ 5 ಕ್ಯಾಲೆಂಡರ್ ವರ್ಷ ‘ಎಗ್ಸೆಂಪ್ಟ್ ಇಂಡಿವಿಜುವಲ್’. ಖುಷಿಪಡಬೇಡಿ, ವಿನಾಯಿತಿ ಇರುವುದು ಅಲ್ಲಿ ಕಳೆದ ದಿನ ಎಣಿಸುವುದರಿಂದ, ತೆರಿಗೆಯಿಂದಲ್ಲ. ಡಿಸೆಂಬರ್ 29ಕ್ಕೆ ವಿಮಾನ ಇಳಿದವಳಿಗೆ ಆ ಮೂರು ದಿನವೂ ಪೂರಾ ಒಂದು ವರ್ಷ. ನಮ್ಮಲ್ಲಿ ಅಮಾವಾಸ್ಯೆ ನಾಲ್ಕು ಗಳಿಗೆ ತಗುಲಿದರೂ ದಿನವೆಲ್ಲ ಅಮಾವಾಸ್ಯೆಯೇ ಆಗುವುದಿಲ್ಲವೇ? ಖಜಾನೆಯಲ್ಲೂ ಯಾರೋ ಪಂಚಾಂಗ ಬಲ್ಲವರು ಕೂತಿದ್ದಾರೆ.

ಹೀಗೆ ದಿನದ ಎಣಿಕೆಗೆ ಸಿಗದವರು ತೆರಿಗೆಯ ಲೆಕ್ಕದಲ್ಲಿ ‘ನಾನ್ ರೆಸಿಡೆಂಟ್ ಏಲಿಯನ್’, ಅಂದರೆ ಅಲ್ಲಿನ ನಿವಾಸಿಯಲ್ಲದ ವಿದೇಶಿ; ಅವರು ಜಾಯಿಂಟ್ ರಿಟರ್ನ್ ಹಾಕುವಂತಿಲ್ಲ. ಆದರೆ ಅದೇ ತೆರಿಗೆ ಕಾನೂನಿನಲ್ಲಿ 6013(ಜಿ) ಎಂಬ ಕಲಮಿನ ಕಾಮಧೇನು ಇದೆ. ‘ಇವಳನ್ನೂ ರೆಸಿಡೆಂಟ್ ಎಂದೇ ತಿಳಿಯಿರಿ’ ಎಂದು ಒಂದು ಹೇಳಿಕೆ ಬರೆದು ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದರೆ ಆಯಿತು, ಅವಳು ಖಜಾನೆಯ ಮನೆಮಗಳು. ಒಮ್ಮೆ ಈ ಆಯ್ಕೆ ಕೈಬಿಟ್ಟರೆ ಇಬ್ಬರಲ್ಲಿ ಯಾರಿಗೂ ಇನ್ನೊಮ್ಮೆ ಸಿಗುವುದಿಲ್ಲ. ವಿಚ್ಛೇದನ ಆದವರು ಮರುಮದುವೆ ಆಗಬಹುದು, 6013(ಜಿ)ಗೆ ಕೂಡಾವಳಿಯೂ ಇಲ್ಲ. ತೆರಿಗೆ ಸ್ವಲ್ಪ ಉಳಿಯುತ್ತದೆ ಅನ್ನುವುದು ನಿಜ. ಬದಲಿಗೆ ಇಡೀ ಪ್ರಪಂಚದಲ್ಲಿ ಬರುವ ಆದಾಯವನ್ನೆಲ್ಲ ಅಮೆರಿಕದ ಮುಂದೆ ಬಿಚ್ಚಿಡಬೇಕು.

ನಮ್ಮ ಹುಡುಗಿಯ ಇಡೀ ಪ್ರಪಂಚ ತೀರ್ಥಹಳ್ಳಿಯ ಒಂದು ಬ್ಯಾಂಕಿನಲ್ಲಿದೆ.

ಹೋದೆ. ‘ಮಾರ್ಚ್‌ವರೆಗಿಂದು ಕೊಡ್ತೀನಿ ಸಾರ್, ಡಿಸೆಂಬರ್‌ದು ಸಿಸ್ಟಮ್ಮಲ್ಲಿ ಬರಲ್ಲ’ ಎಂದರು ಕೌಂಟರಿನವರು. ಅಮೆರಿಕ ಕೇಳ್ತಿದೆ ಎಂದೆ. ‘ಅಮೆರಿಕದವರು ಒಂದು ರಿಕ್ವೆಸ್ಟ್ ಲೆಟರ್ ಕೊಡ್ಲಿ.’ ಪಾಸ್‌ಬುಕ್ ಎಂಟ್ರಿ ಮಾಡಿಸೋಣವೆಂದರೆ ಪ್ರಿಂಟರಿನ ಮೇಲೆ ಟವೆಲ್ ಹೊದಿಸಿದ್ದರು. ಕೊನೆಗೆ ಆ ಪುಣ್ಯಾತ್ಮರೇ ಚಲನ್ ಹಿಂಬದಿಯಲ್ಲಿ ನಾಲ್ಕು ತ್ರೈಮಾಸಿಕದ ಬಡ್ಡಿ ಬರೆದು, ಕ್ಯಾಲ್ಕುಲೇಟರಲ್ಲಿ ಎರಡು ಸಲ ಕೂಡಿ, ಸೀಲು ಒತ್ತಿದರು: 4,126 ರೂಪಾಯಿ. ಐವತ್ತು ಡಾಲರಿಗೂ ಕಮ್ಮಿ. ಇಷ್ಟು ಕೈಸೇರಿದ ಮೇಲೆ ಅಮೆರಿಕ ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.

ಇದೇ ಹುಡುಗಿ ವೀಸಾ ಕಿಟಕಿಯಲ್ಲಿ ನಿಂತಾಗ ಕಾನೂನು ಬೇರೆ, ವಲಸೆ ಕಾನೂನಿನ 214(ಬಿ) ಕಲಮು. ‘ನಿಮ್ಮ ದೇಶದಲ್ಲಿ ನನಗೇನು ಕೆಲಸ, ಓದು ಮುಗಿಸಿ ಊರಿಗೆ ಮರಳುತ್ತೇನೆ’ ಎಂದು ಎದುರಿನವರಿಗೆ ನಂಬಿಕೆ ಬರುವಂತೆ ಹೇಳಬೇಕು. ಅಂದರೆ ಒಂದು ಕಿಟಕಿಯಲ್ಲಿ ಹೊರಡುವವಳು, ಇನ್ನೊಂದರಲ್ಲಿ ಉಳಿಯುವವಳು. ಗಂಡನ ಜೊತೆ ಇರಲು ಗ್ರೀನ್ ಕಾರ್ಡ್ ಕೇಳಿದರೆ ಗ್ರೀನ್ ಕಾರ್ಡ್ ಇರುವವರ ಗಂಡ, ಹೆಂಡತಿ, ಮಕ್ಕಳು ಕಾಯುವ ಎಫ್2ಎ ಎಂಬ ಸಾಲು ತೋರಿಸುತ್ತಾರೆ. ಸಾಲು ವರ್ಷಗಟ್ಟಲೆ. ಅರ್ಜಿ ಹಾಕಿದಳೋ, ಮುಂದಿನ ಸಲ ಕಿಟಕಿಯಲ್ಲಿ ‘ಮರಳುತ್ತೇನೆ’ ಎಂದರೆ ಯಾರು ನಂಬುತ್ತಾರೆ?

ತಮಾಷೆ ಮಾಡಿ ಮಾಡಿ ನನಗೂ ಸುಸ್ತಾಗಿದೆ. ಇಬ್ಬರ ದುಡ್ಡನ್ನು ಒಂದೇ ಸಂಸಾರ ಎಂದು ಎಣಿಸಲು ಒಂದು ಹಾಳೆ, ಎರಡು ಸಹಿ ಸಾಕು. ಇಬ್ಬರನ್ನು ಒಂದೇ ಸಂಸಾರ ಎಂದು ಎಣಿಸಲು ಮಾತ್ರ ವರ್ಷಗಳು ಬೇಕು. ನಾಚಿಕೆಯಾಗಬೇಕು.

‘ಮುಂದಿನ ತಿಂಗಳು ಅಜ್ಜಿಯ ವರ್ಷಾಂತಿಕ, ಬರ್ತೀಯೇನೇ?’ ಎಂದು ಕೇಳಿದೆ.

‘ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿದೆ ಮಾವ. ಬಂದ್ರೆ ಮತ್ತೆ ಕಿಟಕಿ.’ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಆ ಚಲನ್ ಫೋಟೋ ತೆಗೆದು ವಾಟ್ಸಾಪ್ ಮಾಡು. ಸೀಲು ಕಾಣೋ ಹಾಗೆ.’