ಬೇರೆಯವರ ಮನೆ ಬೀರು

ಯಾರದೋ ಮನೆಗೆ ಹೋಗಿದ್ದೀರಿ. ಅವರು ಕಾಫಿ ಮಾಡಲು ಒಳಗೆ ಹೋದರು. ಎದುರಿಗೇ ಒಂದು ಬೀರು, ಬಾಗಿಲು ಅರ್ಧ ತೆರೆದಿದೆ. ಒಳಗೇನಿದೆ ಅಂತ ಇಣುಕಬೇಕು ಅನ್ನಿಸುವುದಿಲ್ಲವಾ? ಅನ್ನಿಸುತ್ತದೆ. ಆದರೂ ಕೈಕಟ್ಟಿ ಕೂರುತ್ತೇವೆ, ಮರ್ಯಾದೆ ಅಂತ ಒಂದಿದೆಯಲ್ಲ. ಆ ಮರ್ಯಾದೆಯನ್ನು ಚಪ್ಪಲಿ ಜೊತೆ ಹೊರಗೇ ಬಿಟ್ಟು, ಸೀದಾ ಒಳಗೆ ನುಗ್ಗಿ, ಡ್ರಾಯರ್ ಎಳೆದು, ದಿಂಬು ಮಗುಚಿ, ಗೋಡೆಯ ಮೇಲಿರುವ ತಾತನ ಫೋಟೊ ಹಿಂದೆ ಕೈ ಹಾಕಲು ನನಗೆ ಗೊತ್ತಿರುವ ಒಂದೇ ಜಾಗ ಹಿಡನ್ ಆಬ್ಜೆಕ್ಟ್ ಗೇಮ್.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕಂಪ್ಯೂಟರ್ ಪರದೆಯ ಮೇಲೆ ಒಂದು ಕೋಣೆ. ಕೋಣೆ ತುಂಬ ಸಾಮಾನು. ಕೆಳಗೊಂದು ಪಟ್ಟಿ: ಕತ್ತರಿ, ಕೊಡೆ, ಹಲ್ಲಿ, ಕುದುರೆ ಲಾಳ. ಹುಡುಕಿ ಕ್ಲಿಕ್ ಮಾಡಿದರೆ 'ಟಿಂಗ್' ಅಂತ ಸದ್ದಾಗಿ ಆ ಹೆಸರು ಅಳಿಯುತ್ತದೆ. ಎಲ್ಲ ಅಳಿದ ಮೇಲೆ ಒಂದೇ ಒಂದು ಸಾಮಾನು ನಮ್ಮ ಚೀಲಕ್ಕೆ ಬೀಳುತ್ತದೆ. ಅದರಿಂದ ಇನ್ನೊಂದು ಬಾಗಿಲು ತೆಗೆಯಬೇಕು. ಆ ಬಾಗಿಲ ಹಿಂದೆ ಇನ್ನೊಂದು ಕೋಣೆ. ಕೋಣೆ ತುಂಬ ಸಾಮಾನು. ನಡುವೆ ಒಂದು ಕೊಲೆಯೋ, ಕಾಣೆಯಾದ ಹುಡುಗಿಯೋ, ಇನ್ನೂರು ವರ್ಷದ ಶಾಪವೋ ಇರುತ್ತದೆ. ಅದೆಲ್ಲ ನೆಪ. ನಾವು ಹೋಗಿರುವುದು ಬೀರು ನೋಡಲು.

ನಮ್ಮ ಮನೆಯಲ್ಲಿ ಈ ಚಟ ಅಂಟಿದ್ದು ನನಗೆ, ಬೇರು ಬಿಟ್ಟದ್ದು ಅತ್ತೆಯಲ್ಲಿ. ಮಂಡಿ ಆಪರೇಷನ್ ಮಾಡಿಸಿಕೊಂಡು ತೀರ್ಥಹಳ್ಳಿಯಿಂದ ನಮ್ಮ ಬೆಂಗಳೂರಿನ ಮನೆಗೆ ಬಂದು ಕೂತಿದ್ದರು. ಧಾರಾವಾಹಿ ನೋಡಿ ನೋಡಿ ರೋಸಿಹೋಗಿದ್ದರು. ಒಂದು ಸಂಜೆ ನನ್ನ ಕುರ್ಚಿ ಹಿಂದೆ ನಿಂತು, "ಏನೇ ಅದು, ಯಾರ ಮನೆ? ಇಷ್ಟೊಂದು ಗಲೀಜಾಗಿದೆ?" ಅಂದರು. ಆಟ ಅಂದೆ. ಪಟ್ಟಿ ಇಂಗ್ಲಿಷಿನಲ್ಲಿತ್ತು, ನಾನು ಒಂದೊಂದೇ ಓದಿ ಹೇಳಿದೆ. ನಾನು "ಸೂಜಿ" ಅನ್ನುವುದರೊಳಗೆ ಅವರ ಬೆರಳು ಪರದೆ ಮೇಲೆ. ನಾನು ಆಗಲೇ ಮೂರು ಸಲ ನೋಡಿ ಬಿಟ್ಟಿದ್ದ ಜಾಗ ಅದು! ಅರವತ್ತು ವರ್ಷ ಮೊರದಲ್ಲಿ ಅಕ್ಕಿ ಆರಿಸಿ ಕಲ್ಲು ಹೆಕ್ಕಿದ ಕಣ್ಣು. ಅದರ ಮುಂದೆ ನಮ್ಮ ಕನ್ನಡಕದ ಕಣ್ಣು ಎಲ್ಲಿಯ ಲೆಕ್ಕ. ಅಂದಿನಿಂದ ನಾನು ಓದುವವಳು, ಅವರು ಹುಡುಕುವವರು. ಪರದೆ ಒರೆಸುವ ಕೆಲಸವೂ ನನಗೇ ಬಂತು.

ಈ ಆಟಗಳಲ್ಲಿ ಚಿತ್ರ ಬರೆಯುವವರ ಕಿಡಿಗೇಡಿತನವೇ ಅರ್ಧ ಮಜಾ. ಹಸಿರು ಪರದೆಯ ಮಡಿಕೆಯಲ್ಲಿ ಹಸಿರು ಹಲ್ಲಿ. ಕುರ್ಚಿಯ ಕಾಲು ಅಂದುಕೊಂಡದ್ದು ಕೊಳಲು. ಗೋಡೆಯ ಹೂಬಳ್ಳಿಯ ಚಿತ್ತಾರದಲ್ಲಿ ಒಂದು ಹೂವಿಗೆ ಮಾತ್ರ ಎಂಟು ಕಾಲು, ಅದು ಜೇಡ. ಅಳತೆಗಂತೂ ಲಂಗುಲಗಾಮಿಲ್ಲ. ದೋಣಿ ಉಗುರಿನಷ್ಟು, ಪಕ್ಕದ ಬೀಗದ ಕೈ ಮೊಳದುದ್ದ. ದೀಪದ ಗೊಂಚಲಿಗೆ ಮೀನು ನೇತುಹಾಕಿರುತ್ತಾರೆ. ಅತ್ತೆಗೆ ಮೀನು ಸಿಕ್ಕಿದ್ದಕ್ಕಿಂತ ಅದು ಯಾಕೆ ಅಲ್ಲಿತ್ತು ಅನ್ನುವ ಸಿಟ್ಟೇ ಜಾಸ್ತಿ. "ಅಡುಗೆಮನೆ ಬಿಟ್ಟು ನಡುಮನೆಯಲ್ಲಿ ಯಾರಾದರೂ ಮೀನು ಇಡ್ತಾರಾ?"

ಐದು ನಿಮಿಷ ಕಣ್ಣೆದುರೇ ಇದ್ದ ಕೊಡೆ ಇದ್ದಕ್ಕಿದ್ದಂತೆ ಕೊಡೆಯಾಗಿ ಕಾಣಿಸುತ್ತದಲ್ಲ, ಆ ಕ್ಷಣಕ್ಕಾಗಿಯೇ ನಾನು ಆಡುವುದು. ಒಮ್ಮೆ ಕಂಡ ಮೇಲೆ ಕಾಣದ ಹಾಗೆ ಮಾಡಿಕೊಳ್ಳಲು ಆಗುವುದಿಲ್ಲ. "ಅಯ್ಯೋ, ಇಲ್ಲೇ ಇತ್ತಲ್ಲ!" ಅಂತ ಎಷ್ಟು ಸಲ ಕೂಗಿದರೂ ಆ ಖುಷಿ ಹಳಸಿಲ್ಲ.

ನಮ್ಮ ಮನೆಯವರ ಪದ್ಧತಿ ಬೇರೆ. ಹುಡುಕುವ ಗೋಜೇ ಇಲ್ಲ. ಮೇಲಿನ ಎಡ ಮೂಲೆಯಿಂದ ಶುರುಮಾಡಿ ಸಾಲಾಗಿ ಪಟಪಟ ಕ್ಲಿಕ್ ಮಾಡುತ್ತಾ ಹೋಗುವುದು. ಆಟ ಮಾಡಿದವರು ಇಂಥ ಗಂಡಸರನ್ನು ಮೊದಲೇ ನೋಡಿದ್ದಾರೆ. ಸುಮ್ಮಸುಮ್ಮನೆ ಒತ್ತಿದರೆ ಕರ್ಸರ್ ಸ್ವಲ್ಪ ಹೊತ್ತು ತಲೆತಿರುಗಿ ಬಿದ್ದವರ ಹಾಗೆ ಸುತ್ತುತ್ತದೆ, ಇಲ್ಲಾ ಅಂಕ ಕಡಿಮೆಯಾಗುತ್ತದೆ. ಇವರು ಮೌಸ್ ಕೆಟ್ಟಿದೆ ಅಂದುಕೊಂಡು ಹೊಸ ಮೌಸ್ ತಂದರು. ಅದೂ ಸುತ್ತಿತು.

ಆದರೂ ಕಂಪ್ಯೂಟರ್ ಆಟದ ವಿಷಯದಲ್ಲಿ ಮನೆಯಲ್ಲಿ ಅವರೇ ಹಿರಿಯರು. 1993ರಲ್ಲಿ ಮಿಸ್ಟ್ ಬಂತು. ಅಮೆರಿಕದ ರ‍್ಯಾಂಡ್ ಮಿಲ್ಲರ್, ರಾಬಿನ್ ಮಿಲ್ಲರ್ ಅನ್ನುವ ಅಣ್ಣತಮ್ಮಂದಿರು ಮಾಡಿದ ಆಟ. ನಿರ್ಜನ ದ್ವೀಪ, ಒಂದಾದ ಮೇಲೊಂದು ಸ್ತಬ್ಧ ಚಿತ್ರ, ತಿರುಗಿಸಲು ಸನ್ನೆಗೋಲು, ತೆರೆಯಲು ಪುಸ್ತಕ. ಅಟ್ಟಿಸಿಕೊಂಡು ಬರುವವರಿಲ್ಲ, ಗಡಿಯಾರ ಓಡುವುದಿಲ್ಲ. ಅವಸರವಿಲ್ಲದ ಆಟವನ್ನೂ ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ ಅಂತ ಅದರಿಂದ ಗೊತ್ತಾಯಿತು. ಮುಂದೆ 2005ರಲ್ಲಿ ಸಿಯಾಟಲ್‌ನ ಬಿಗ್ ಫಿಶ್ ಗೇಮ್ಸ್‌ನವರ ಮಿಸ್ಟರಿ ಕೇಸ್ ಫೈಲ್ಸ್ ಸರಣಿ ಶುರುವಾಗಿ, ಹುಡುಕುವ ಆಟಕ್ಕೇ ಒಂದು ಜಾತಿ ಹುಟ್ಟಿತು. ಅದರಲ್ಲಿ ರೇವನ್‌ಹರ್ಸ್ಟ್ ಅನ್ನುವ ಹಾಳು ಬಂಗಲೆಯದು 2006ರ ಆಟ. ಹಾಳು ಬಂಗಲೆ ಬರೆಯುವವರು ಅದಾದ ಮೇಲೆ ಇನ್ನೂ ನಿಲ್ಲಿಸಿಲ್ಲ.

ಒಗಟು ಬಿಡಿಸುತ್ತಾ ಕಥೆಯಲ್ಲಿ ಮುಂದೆ ಹೋಗುವ ಹಳೇ ಕಾಲದ ಅಡ್ವೆಂಚರ್ ಆಟಗಳಲ್ಲಿ ಸಿಕ್ಕಿಹಾಕಿಕೊಂಡರೆ ಹೊರಗೆ ಬರುವ ದಾರಿಯೇ ಇರುತ್ತಿರಲಿಲ್ಲ ಅಂತ ಇವರು ದಿನಾ ಪುರಾಣ ಹೇಳುತ್ತಿದ್ದರು. ಅದಕ್ಕೆ ಸಾಕ್ಷಿಯಾಗಿ 1999ರ ಗೇಬ್ರಿಯಲ್ ನೈಟ್ ಮೂರನೇ ಭಾಗದ ಕಥೆಯನ್ನು ಊಟದ ಹೊತ್ತಿಗೆ ಬಿಚ್ಚಿದರು. ನಾಯಕನಿಗೆ ಬಾಡಿಗೆಗೆ ಬೈಕ್ ಬೇಕು. ಅದಕ್ಕೆ ಗೆಳೆಯನ ವೇಷ ಹಾಕಬೇಕು. ಬೆಕ್ಕೊಂದರ ಕೂದಲನ್ನು ಟೇಪಿಗೆ ಅಂಟಿಸಿಕೊಂಡು, ಮೇಪಲ್ ಪಾಕದಿಂದ ಮೂಗಿನ ಕೆಳಗೆ ಮೀಸೆ ಅಂಟಿಸಿಕೊಳ್ಳಬೇಕು. ಗೆಳೆಯನಿಗಾದರೋ ಮೀಸೆಯೇ ಇಲ್ಲ. ಹಾಗಾಗಿ ಅವನ ಪಾಸ್‌ಪೋರ್ಟ್ ಕದ್ದು, ಫೋಟೊಗೂ ಪೆನ್ನಿನಲ್ಲಿ ಮೀಸೆ ಬರೆಯಬೇಕು.

ಅತ್ತೆ ಸಾರು ಬಡಿಸುವುದನ್ನು ನಿಲ್ಲಿಸಿದರು. "ಮೀಸೆ ಇಲ್ಲದವನ ಥರ ಕಾಣೋಕೆ ಮೀಸೆ ಯಾಕೋ ಬೇಕು?"

ಇವರ ಹತ್ತಿರ ಉತ್ತರ ಇರಲಿಲ್ಲ. ಆಟ ಆಡಿದ ಯಾರ ಹತ್ತಿರವೂ ಇರಲಿಲ್ಲ ಅಂತ ಕಾಣುತ್ತದೆ, ಅಡ್ವೆಂಚರ್ ಆಟಗಳು ಯಾಕೆ ಮಂಕಾದವು ಅನ್ನುವಾಗ ಇವತ್ತಿಗೂ ಆ ಬೆಕ್ಕಿನ ಮೀಸೆಯನ್ನು ಎಳೆದು ತರುತ್ತಾರೆ.

ನಮ್ಮ ಹಗುರ ಆಟಗಳು ಬುದ್ಧಿ ಕಲಿತವು. ಹಿಂಟ್ ಅನ್ನುವ ಗುಂಡಿ ಇಟ್ಟವು. ಒತ್ತಿದರೆ ಹೊಳೆಯುವ ಚುಕ್ಕಿಗಳು ಹಾರಿಹೋಗಿ ಸಾಮಾನಿನ ಸುತ್ತ ಸುತ್ತುತ್ತವೆ. ಆಮೇಲೆ ಗುಂಡಿ ಮತ್ತೆ ತುಂಬುವವರೆಗೆ ಕಾಯಬೇಕು, ಅಷ್ಟೇ. ಒಗಟು ಬೇಡವಾದರೆ ಸ್ಕಿಪ್ ಒತ್ತಿ ಮುಂದೆ ಹೋಗಬಹುದು. ಚೌಕ ಸರಿಸಿ ಚಿತ್ರ ಜೋಡಿಸುವ ಒಗಟು ಬಂದರೆ ನಾನು ಒಂದು ಕ್ಷಣವೂ ಯೋಚಿಸದೆ ಸ್ಕಿಪ್ ಒತ್ತುತ್ತೇನೆ. ಅದನ್ನು ಪ್ರತಿ ಆಟದಲ್ಲೂ ತುರುಕುವವರಿಗೆ ಏನು ಸಿಗುತ್ತದೋ. ಚೆಕ್ ದೇಶದವರ ಮಷಿನೇರಿಯಂ ಆಟ ಮಾತ್ರ ಸ್ವಲ್ಪ ಬಿಗಿ. ಅದರಲ್ಲಿ ಉತ್ತರದ ಪುಸ್ತಕ ತೆರೆಯಬೇಕಾದರೆ ಮೊದಲು ಅಡ್ಡಬರುವವುಗಳನ್ನು ಹೊಡೆದುರುಳಿಸುವ ಇನ್ನೊಂದು ಪುಟ್ಟ ಆಟ ಗೆಲ್ಲಬೇಕು. ಸೋಮಾರಿತನಕ್ಕೂ ದುಡಿಯಬೇಕು ಅನ್ನುವುದು ಅವರ ವಾದ ಇರಬಹುದು.

ಬೀಗಗಳ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ಬಂಗಲೆಗಳಲ್ಲಿ ಯಾವ ಬಾಗಿಲಿಗೂ ಮಾಮೂಲಿ ಬೀಗ ಇಲ್ಲ. ಚಂದ್ರನ ಆಕಾರದ ಗುಳಿ ಇರುತ್ತದೆ. ಚಂದ್ರನ ಬಿಲ್ಲೆ ಮೂರು ಚೂರಾಗಿರುತ್ತದೆ. ಒಂದು ಬಾವಿಯಲ್ಲಿ, ಒಂದು ಗೂಬೆಯ ಕೊಕ್ಕಿನಲ್ಲಿ, ಇನ್ನೊಂದು ಮಂಜುಗಡ್ಡೆಯೊಳಗೆ. ಗೂಬೆಗೆ ಇಲಿ ಕೊಡಬೇಕು. ಇಲಿ ಹಿಡಿಯಲು ಗಿಣ್ಣು ಬೇಕು. ಗಿಣ್ಣು ಇನ್ನೊಂದು ಬೀಗದೊಳಗೆ. "ಇವರಿಗೆ ರಾತ್ರಿ ಬಚ್ಚಲಿಗೆ ಹೋಗ್ಬೇಕು ಅಂದ್ರೆ ಏನ್ ಮಾಡ್ತಿದ್ರು?" ಅಂತ ಅತ್ತೆ ನಿಜವಾದ ಕನಿಕರದಿಂದ ಕೇಳಿದರು. ಹಾಗೆ ನೋಡಿದರೆ ಈ ಲೋಕದಲ್ಲಿ ತೆಗೆದಿಟ್ಟದ್ದೆಲ್ಲ ಉಪಯೋಗಕ್ಕೆ ಬರುತ್ತದೆ. ಒಡೆದ ಹಿಡಿ, ತುಕ್ಕು ಹಿಡಿದ ಕೊಕ್ಕೆ, ಅರ್ಧ ಹಗ್ಗ, ಯಾವುದೂ ವ್ಯರ್ಥವಲ್ಲ. ಐಸ್‌ಕ್ರೀಮ್ ಡಬ್ಬ ಎಸೆಯಲು ಬಿಡದ ಹೆಂಗಸಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಾ? ಅತ್ತೆಯ ಡಬ್ಬಗಳ ಬಗ್ಗೆ ಮಾತಾಡುವ ಹಕ್ಕನ್ನು ನಾನು ಅಲ್ಲಿಗೆ ಕಳೆದುಕೊಂಡೆ.

ಅವಾಂತರ ಆದದ್ದು ಸ್ಪೀಕರಿನಿಂದ. ಅತ್ತೆಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಸೌಂಡು ಯಾವಾಗಲೂ ಪೂರ್ತಿ. ಒಂದು ಭಾನುವಾರ ದೀಪ ಹಚ್ಚುವ ಹೊತ್ತು. ಆಟದಲ್ಲಿ ಒಬ್ಬ ದೆವ್ವದ ಹೆಂಗಸು ಬಿಕ್ಕಿಬಿಕ್ಕಿ ಅಳುವುದಕ್ಕೂ, ನಾನು ಅಡುಗೆಮನೆಯಲ್ಲಿ ಈಳಿಗೆ ಮಣೆ ಮುಂದೆ ಹಲಸಿನಕಾಯಿ ಹಿಡಿದು ಕೂರುವುದಕ್ಕೂ ಸರಿಹೋಯಿತು. ಬೆಲ್ ಬಡಿಯಿತು. ಕೆಳಗಿನ ಮನೆಯ ಆಂಟಿ. ಏದುಸಿರು ಬಿಡುತ್ತಾ ನನ್ನ ಕೈಯ ಅಂಟು, ಸೆರಗಿನ ಕಲೆ ನೋಡಿದರು. ಆಮೇಲೆ ನನ್ನ ತಲೆ ಮೇಲಿಂದ ಒಳಗೆ ಇಣುಕಿದರು. "ಅಳ್ತಿರೋದು ನೀವಾ, ನಿಮ್ಮತ್ತೆನಾ?" ಅಂದರು. ಅತ್ತೆ ಸೊಸೆ ಜಗಳ ಬಿಡಿಸಲು ಬಂದಿದ್ದರು ಪಾಪ. ಯಾರ ಪಕ್ಷ ವಹಿಸಬೇಕು ಅಂತ ಮೆಟ್ಟಿಲು ಹತ್ತುವಾಗಲೇ ಯೋಚಿಸಿಕೊಂಡು ಬಂದಿದ್ದರು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು.

ಒಳಗೆ ಕರೆದು ದೆವ್ವವನ್ನು ತೋರಿಸಿದೆ. ಸ್ವಲ್ಪ ನಿರಾಸೆಯಾಯಿತು. ಆದರೆ ಎರಡು ನಿಮಿಷಕ್ಕೆ, "ಅಲ್ನೋಡಿ, ಪಿಯಾನೊ ಕೆಳಗೆ, ಅದು ಬೀಗದ ಕೈ ಅಲ್ವಾ?" ಅಂದರು. ಅಲ್ಲೇ ಕೂತರು. ಕೆಳಗೆ ಅವರ ಕುಕ್ಕರ್ ಕೂಗಿ ಕೂಗಿ ಸುಮ್ಮನಾಯಿತು. ಈಗ ಅವರ ಫೋನಿನಲ್ಲೂ ಜೂನ್ಸ್ ಜರ್ನಿ ಇದೆ. ಬರ್ಲಿನ್‌ನ ವೂಗಾ ಕಂಪನಿ 2017ರಲ್ಲಿ ತಂದ ಆಟ. 1920ರ ದಶಕದ ಕಥೆ, ಉದ್ದ ಮುತ್ತಿನ ಸರ, ಕಾರು, ಕೊಲೆ. ಜೊತೆಗೆ ನಮ್ಮದೇ ಒಂದು ದ್ವೀಪ, ಅಲ್ಲಿ ಹೂಗಿಡ ನೆಡಬೇಕು, ಬೇಲಿ ಹಾಕಬೇಕು. ಅದೇ ಕೋಣೆಯನ್ನು ಮತ್ತೆ ಮತ್ತೆ ಹುಡುಕಿಸುತ್ತಾರೆ. ನನಗದು ಬೇಜಾರು. ಆಂಟಿಗೆ ಕೊಲೆಗಾರನೂ ಬೇಡ, ಬೇಲಿ ಮುಗಿದರೆ ಸಾಕು.

ಮಗಳ ರುಚಿ ನಮಗಿಂತ ಮೇಲು. ಅವಳದು ಹಿಡನ್ ಫೋಕ್ಸ್. ಅದೂ 2017ರದ್ದೇ. ಬರೀ ಕಪ್ಪುಬಿಳುಪು ಗೆರೆ, ಎಲ್ಲ ಕೈಯಲ್ಲಿ ಬರೆದದ್ದು. ಸಂತೆಯಷ್ಟು ಜನ. ಪೊದೆ ಮುಟ್ಟಿದರೆ ಸರಿಯುತ್ತದೆ, ಗುಡಾರ ಮುಟ್ಟಿದರೆ ತೆರೆಯುತ್ತದೆ. ಅದರ ಸದ್ದುಗಳನ್ನೆಲ್ಲ ಮಾಡಿರುವುದು ಬಾಯಲ್ಲಿ. ಬಾಗಿಲಿನದು, ಗಾಡಿಯದು, ಹಕ್ಕಿಯದು, ಎಲ್ಲವೂ ಯಾರೋ ಬಾಯಲ್ಲೇ 'ಟುಕ್', 'ಬ್ರೂಂ', 'ಕ್ವಾಕ್' ಅಂದದ್ದು. ಅಜ್ಜಿ ಮೊಮ್ಮಗಳು ಜೋಡಿಯಾಗಿ ಕೂತು ಆಟಕ್ಕಿಂತ ಜೋರಾಗಿ ಸದ್ದು ಮಾಡುತ್ತಾರೆ. ಆಂಟಿ ಈಗ ಏನು ಕೇಳಿದರೂ ಮೇಲೆ ಬರುವುದಿಲ್ಲ.

ಆದರೆ ಅಭ್ಯಾಸ ಮನೆಯ ಹೊರಗೂ ಬಂತು ನೋಡಿ. ಆಟದಲ್ಲಿ ಗೋಡೆಯ ಚಿತ್ರ ಸೊಟ್ಟಗಿದ್ದರೆ ಅದರ ಹಿಂದೆ ತಿಜೋರಿ ಇದ್ದೇ ಇರುತ್ತದೆ. ನೆಂಟರೊಬ್ಬರ ಮನೆಯ ನಾಮಕರಣಕ್ಕೆ ಹೋಗಿದ್ದೆವು. ನಡುಮನೆಯಲ್ಲಿ ಜಲಪಾತದ ದೊಡ್ಡ ಚಿತ್ರ, ಎಡಕ್ಕೆ ಸ್ವಲ್ಪ ವಾಲಿತ್ತು. ಅತ್ತೆ ಹೋಳಿಗೆ ತಿನ್ನುತ್ತಾ ಅದನ್ನೇ ನೋಡುತ್ತಿದ್ದರು. ನಾನು ಕಣ್ಣಲ್ಲೇ ಬೇಡ ಅಂದೆ. ಅವರು ಎದ್ದು, ಕೈ ಒರೆಸಿಕೊಂಡು, ಚೌಕಟ್ಟಿನ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಮೇಲೆ ತಳ್ಳಿದರು. ಹಿಂದಿನಿಂದ ಸಿಗರೇಟ್ ಪ್ಯಾಕ್ ಒಂದು ಜಾರಿ, ಸೀದಾ ತೊಟ್ಟಿಲ ಪಕ್ಕ ಬಿತ್ತು.

ಇಡೀ ಮನೆ ಸ್ತಬ್ಧ. "ಪೇಂಟಿಂಗ್ ಮಾಡೋನು ಮರೆತು ಹೋಗಿರ್ಬೇಕು" ಅಂದರು ಯಜಮಾನರು. ಅವರ ಹೆಂಡತಿ ಸುಣ್ಣಬಣ್ಣ ಕಾಣದ ಗೋಡೆಯನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿದರು. ಅತ್ತೆ ಮಾತ್ರ ಆಟೋದಲ್ಲಿ ಬರುವಾಗಲೂ ಖುಷಿಯಲ್ಲಿದ್ದರು. "ನಾನು ಹೇಳಿರಲಿಲ್ವಾ, ಇರುತ್ತೆ ಅಂತ?"

ಇನ್ನು ದುಡ್ಡಿನ ವಿಷಯ. ಈ ಆಟಗಳನ್ನು ಮೊದಲ ಒಂದು ಗಂಟೆ ಬಿಟ್ಟಿ ಆಡಲು ಕೊಡುವ ಪದ್ಧತಿ ಇದೆ. ಇಷ್ಟವಾದರೆ ಕೊಳ್ಳಿ ಅಂತ. ಬಿಟ್ಟಿ ಸಿಗುವಾಗ ಕೊಳ್ಳುವುದ್ಯಾಕೆ? ನಾವು ಒಂದು ಮುಗಿದ ಮೇಲೆ ಇನ್ನೊಂದರ ಒಂದು ಗಂಟೆ ಆಡಿದೆವು. ಪರಿಣಾಮ ಏನೆಂದರೆ, ನಮಗೆ ಲೆಕ್ಕವಿಲ್ಲದಷ್ಟು ಕೊಲೆಗಳು ಗೊತ್ತು, ಕೊಲೆಗಾರ ಒಬ್ಬನೂ ಗೊತ್ತಿಲ್ಲ. ಸರಿಯಾಗಿ ನೆಲಮಾಳಿಗೆಯ ಬಾಗಿಲು ಕಿರ್ ಅನ್ನುವಾಗ ಗಂಟೆ ಮುಗಿದು, ಕಾರ್ಡ್ ನಂಬರ್ ಹಾಕಿ ಅನ್ನುತ್ತದೆ. ಅತ್ತೆ ಇದಕ್ಕೂ ದಾರಿ ಕಂಡುಕೊಂಡರು. ತೀರ್ಪನ್ನು ತಾವೇ ಕೊಟ್ಟುಬಿಡುತ್ತಾರೆ. ಯಾವ ಆಟವೇ ಇರಲಿ, ಕೊಲೆ ಮಾಡಿದವನು ತೋಟದ ಮಾಲಿ. "ಆ ಮನೆಯಲ್ಲಿ ಅಷ್ಟು ಗಲೀಜಿದೆ, ತೋಟ ಮಾತ್ರ ಹೇಗೆ ಅಷ್ಟು ಚೆಂದ? ಏನೋ ಹೂತಿದಾನೆ."

ಕೊನೆಗೆ ಅವರ ಹುಟ್ಟುಹಬ್ಬಕ್ಕೆ ಒಂದು ಆಟವನ್ನು ಪೂರ್ತಿ ಕೊಂಡೆವು. ವಾರಗಟ್ಟಲೆ ಆಡಿದರು. ಕೊನೆಯ ದೃಶ್ಯಕ್ಕೆ ಇಡೀ ಮನೆ ಸೇರಿತು, ಆಂಟಿಯೂ ಚಕ್ಕುಲಿ ಡಬ್ಬದ ಜೊತೆ ಬಂದರು. ಮುಖವಾಡ ಕಳಚಿತು. ಕೊಲೆಗಾರ ಮನೆಯ ಡಾಕ್ಟರು. ಮಾಲಿ ಪಾಪದವನು, ನಮಗೆ ಸಹಾಯ ಬೇರೆ ಮಾಡಿದ್ದ.

ಅತ್ತೆ ಪರದೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಒಂದು ಚಕ್ಕುಲಿ ಮುರಿದರು.

"ಇವರಿಗೆ ಸರಿಯಾಗಿ ಹುಡುಕೋಕೆ ಬರಲ್ಲ ಕಣೇ. ಆ ಗುಲಾಬಿ ಗಿಡದ ಬುಡ ಒಂದ್ಸಲ ಕ್ಲಿಕ್ ಮಾಡು."